ಈ ಬೀದಿಯಲ್ಲೇ ಆಗಬೇಕು

(ಲಂಡನ್ನಿನ ನಾಟಿಂಗ್ ಹಿಲ್. ಆಗಸ್ಟ್ ತಿಂಗಳ ಭಾನುವಾರ, ಕೆರಿಬಿಯನ್ನರ ಬೀದಿಹಬ್ಬ ಕಾರ್ನಿವಲ್ಲಿನ ಮೊದಲ ದಿನ. ಮಾತಾಡುತ್ತಿರುವವರು, ಈ ಊರಲ್ಲೇ ನರ್ಸ್ ಆಗಿ ದುಡಿದು ನಿವೃತ್ತರಾದ ಅತ್ತೆ ಮತ್ತು ಬೆಂಗಳೂರಿನಿಂದ ಬಂದಿರುವ ಅವರ ಅಣ್ಣನ ಮಗಳು.)

– ಅತ್ತೆ, ಹಬ್ಬದ ದಿನ ಯಾರಾದರೂ ಮನೆಗೆ ಹೀಗೆ ಹಲಗೆ ಹೊಡೆದುಕೊಳ್ತಾರಾ? ನಾವಾದರೆ ಬಾಗಿಲಿಗೆ ತೋರಣ ಕಟ್ತೀವಿ. ಇಲ್ಲಿ ಸಾಲಿಗೆ ಸಾಲೇ ಕಿಟಕಿ ಕಾಣದ ಹಾಗೆ ಪ್ಲೈವುಡ್ ಬಡಿದಿದ್ದಾರೆ. ಒಳಗಿರೋರು ಎಲ್ಲಿ ಹೋದರು?

– ಬಹಳ ಜನ ಎರಡು ದಿನ ಊರು ಬಿಟ್ಟು ಹೋಗಿರ್ತಾರೆ. ಈ ಬಿಳಿ ಕಂಬದ ಮನೆಗಳಿಗೆ ಈಗ ಹತ್ತಾರು ಕೋಟಿ ರೂಪಾಯಿ ಬೆಲೆ. ನೀನು ಸಿನಿಮಾದಲ್ಲಿ ನೋಡಿದ ನಾಟಿಂಗ್ ಹಿಲ್ ಇದೇ. ಆದರೆ ಐವತ್ತರ ದಶಕದಲ್ಲಿ ಇದೇ ಮನೆಗಳಲ್ಲಿ ಕೋಣೆಗೊಂದು ಸಂಸಾರ ಇತ್ತು. ಗೋಡೆಯೆಲ್ಲ ಥಂಡಿ ಹಿಡಿದು, ಇಡೀ ಕಟ್ಟಡಕ್ಕೆ ಒಂದೇ ಕಕ್ಕಸು. ಪೀಟರ್ ರ್‍ಯಾಚ್‌ಮನ್ ಅನ್ನೋ ಮನೆಮಾಲೀಕನ ಹೆಸರು ಆ ಕಾಲದಲ್ಲಿ ಮನೆಮಾತಾಗಿತ್ತು. ಬೇರೆ ಎಲ್ಲೂ ಬಾಡಿಗೆಗೆ ಕೋಣೆ ಸಿಗದ ಕರಿಯರಿಗೆ ಇಮ್ಮಡಿ ಬಾಡಿಗೆ ಹೇಳಿ, ಒಂದೊಂದು ಮನೆಗೆ ಹತ್ತಾರು ಜನರನ್ನ ತುಂಬೋನು. ಈ ಹಬ್ಬ ಕಟ್ಟಿದವರು ಆ ಕೋಣೆಗಳಲ್ಲಿದ್ದವರು. ಹಲಗೆ ಹೊಡೆದುಕೊಂಡು ಹೋಗಿರೋರು ಆಮೇಲೆ ಬಂದವರು.

– ಹಾಗಂತ ಅವರಿಗೆ ಭಯ ಇರಬಾರದಾ? ಅಪ್ಪ ಬೆಳಿಗ್ಗೆ ಫೋನಲ್ಲಿ ಏನಂದರು ಕೇಳಿಸಿಕೊಂಡಿರಲ್ಲ. ‘ಅಲ್ಲಿ ಚಾಕು ಹಾಕ್ತಾರಂತೆ, ಹೋಗಬೇಡಿ’ ಅಂತ.

– ನಿಮ್ಮಪ್ಪನ ಭಯಕ್ಕೆ ಆಧಾರ ಇಲ್ಲ ಅಂತ ನಾನು ಹೇಳೋದಿಲ್ಲ. ಅದನ್ನ ಮಾತಾಡೋಣ. ಮೊದಲು ತಿನ್ನು, ಕೈಯಲ್ಲೇ ಆರಿಹೋಗ್ತಿದೆ.

– ಇದೇನು, ನಮ್ಮ ತಿಂಡಿ ಥರಾನೇ ಇದೆ! ಅರಿಸಿನ ಹಾಕಿ ಕರಿದ ಎರಡು ಮೆತ್ತನೆ ರೊಟ್ಟಿ, ನಡುವೆ ಕಾಬೂಲ್ ಕಡಲೆ ಗಸಿ, ಮೇಲೆ ಹುಣಸೆಹುಳಿ, ಸೌತೆಕಾಯಿ. ಖಾರ ಮಾತ್ರ ನೆತ್ತಿಗೆ ಹತ್ತುತ್ತಿದೆ. ಮಾರುತ್ತಿದ್ದ ಹೆಂಗಸೂ ನೋಡೋಕೆ ನಮ್ಮೋರ ಹಾಗೇ ಇದ್ದರು. ನಾನು ಹಿಂದಿಯಲ್ಲಿ ಮಾತಾಡಿಸಿದರೆ ನಕ್ಕು ತಲೆ ಆಡಿಸಿದರು.

– ಇದಕ್ಕೆ ಡಬಲ್ಸ್ ಅಂತಾರೆ. ಟ್ರಿನಿಡಾಡಿನಲ್ಲಿ ಬೆಳಗಿನ ತಿಂಡಿ. 1838ರಲ್ಲಿ ಅಲ್ಲಿನ ಗುಲಾಮರು ಪೂರ್ತಿ ಸ್ವತಂತ್ರರಾದರು. ಕಬ್ಬಿನ ಗದ್ದೆಗೆ ಅಗ್ಗದ ಆಳು ಬೇಕಾಯ್ತು. 1845ರ ಮೇ 30ರಂದು ಫತೆಲ್ ರಜಾಕ್ ಅನ್ನೋ ಹಡಗು ಕಲ್ಕತ್ತೆಯಿಂದ ಮೊದಲ ಗಿರ್ಮಿಟ್, ಅಂದರೆ ಕರಾರಿನ, ಕೂಲಿಗಳನ್ನ ಅಲ್ಲಿ ಇಳಿಸಿತು. 1917ರ ತನಕ ಹೀಗೆ ಹೋದವರು ಒಂದು ಲಕ್ಷ ನಲವತ್ತು ಸಾವಿರಕ್ಕೂ ಹೆಚ್ಚು. ಆ ಹೆಂಗಸಿನ ಮುತ್ತಜ್ಜಿಯ ಕಾಲದಲ್ಲೇ ಭಾಷೆ ಕಡಿಮೆಯಾಗುತ್ತಾ ಬಂದಿರುತ್ತೆ. ಅಡುಗೆ ಉಳಿದಿದೆ. ಅವರನ್ನ ‘ನಮ್ಮೋರು’ ಅಂತ ಕರೆಯೋ ಮುಂಚೆ ಅವರು ತಮ್ಮನ್ನ ಏನಂತ ಕರೆದುಕೊಳ್ತಾರೆ ಕೇಳು. ಟ್ರಿನಿಡಾಡಿನವಳು ಅಂತಾರೆ. ಇಲ್ಲಿ ಬಂದಿರೋದೂ ಆ ಗುರುತಿನಿಂದಲೇ.

– ಸರಿ, ಆದರೆ ನನಗೆ ಹಿಡಿಸಿದ್ದೇ ಅದು ಅತ್ತೆ. ಆಚೆ ಬೀದಿಯಲ್ಲಿ ಪೋರ್ಚುಗೀಸರ ಬೇಕರಿ, ಅದರ ಎದುರು ಮೊರಾಕ್ಕೋದವರ ಅಂಗಡಿ, ಇಲ್ಲಿ ಡಬಲ್ಸ್, ಆ ಕಡೆ ಬ್ರೆಜಿಲ್ ಸಾಂಬಾ ತಂಡ. ಎಲ್ಲ ಸಂಸ್ಕೃತಿಗಳೂ ಒಂದೇ ಕಡೆ ಸೇರಿ ಕುಣೀತಿವೆ. ಊಟ, ಹಾಡು ಜನರನ್ನ ಒಂದು ಮಾಡುತ್ತೆ ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?

– ನಿನ್ನ ಸಂತೋಷ ನನಗೆ ಅರ್ಥವಾಗುತ್ತೆ. ಆದರೆ ಊಟ, ಹಾಡು ತಾವಾಗೇ ಯಾರನ್ನೂ ಒಂದು ಮಾಡಲಿಲ್ಲ. ಇದೇ ರಸ್ತೆಗಳಲ್ಲಿ 1958ರ ಆಗಸ್ಟ್ ಕೊನೆಗೆ ಏನಾಯ್ತು ಗೊತ್ತಾ? ಬಿಳಿಯ ಹುಡುಗರ ಗುಂಪುಗಳು ಕಬ್ಬಿಣದ ಸರಳು, ಸೈಕಲ್ ಚೈನು, ಬಾಟಲಿ ಹಿಡಿದು ಕರಿಯರನ್ನ ಹುಡುಕಿಕೊಂಡು ಹೊರಟವು. ಕೆಲಸ ಮುಗಿಸಿ ಬಸ್ ಇಳಿದು ಮನೆಗೆ ಹೋಗ್ತಿದ್ದವರನ್ನ ಅಟ್ಟಾಡಿಸಿ ಹೊಡೆದರು. ಕಿಟಕಿಗಳಿಗೆ ಕಲ್ಲು, ಪೆಟ್ರೋಲ್ ಬಾಂಬು. ಸೆಪ್ಟೆಂಬರ್ ಮೊದಲ ವಾರದ ತನಕ ನಡೀತು. ಅದಕ್ಕೂ ಹತ್ತು ವರ್ಷದ ಹಿಂದೆ, 1948ರ ಜೂನ್ 22ರಂದು, ಎಂಪೈರ್ ವಿಂಡ್‌ರಶ್ ಹಡಗಿನಿಂದ ಇಳಿದ ಕೆರಿಬಿಯನ್ನರು ಈ ದೇಶಕ್ಕೆ ದುಡಿಯೋಕೆ ಬಂದವರು. ಬ್ರಿಟಿಷ್ ಪ್ರಜೆಗಳು ಅನ್ನೋ ಹಕ್ಕು ಕೈಯಲ್ಲೇ ಇತ್ತು. ಹಕ್ಕು ಇದ್ದರೂ ಪೆಟ್ಟು ತಪ್ಪಲಿಲ್ಲ.

– ಮತ್ತೆ ಅದರಿಂದ ಹಬ್ಬ ಹೇಗೆ ಹುಟ್ಟಿತು?

– ಒಬ್ಬ ಹೆಂಗಸು ಹುಟ್ಟಿಸಿದಳು. ಕ್ಲಾಡಿಯಾ ಜೋನ್ಸ್. 1915ರಲ್ಲಿ ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಹುಟ್ಟಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬೆಳೆದವಳು. ಕಮ್ಯುನಿಸ್ಟಳು ಅಂತ ಅಮೆರಿಕ ಜೈಲಿಗೆ ಹಾಕಿತು, 1955ರಲ್ಲಿ ಗಡೀಪಾರು ಮಾಡಿತು. ಮೈಯಲ್ಲಿ ಆರೋಗ್ಯ ಇಲ್ಲ, ಕೈಯಲ್ಲಿ ಕಾಸಿಲ್ಲ. ಲಂಡನ್ನಿಗೆ ಬಂದು ಬ್ರಿಕ್ಸ್‌ಟನ್‌ನ ಒಂದು ಅಂಗಡಿಯ ಮಹಡಿಯಲ್ಲಿ ‘ವೆಸ್ಟ್ ಇಂಡಿಯನ್ ಗೆಜೆಟ್’ ಅನ್ನೋ ಪತ್ರಿಕೆ ಶುರು ಮಾಡಿದಳು. ಗಲಭೆಯಾಗಿ ಆರು ತಿಂಗಳು ತುಂಬೋಕೆ ಮುಂಚೆ, 1959ರ ಜನವರಿ 30ರಂದು, ಸೇಂಟ್ ಪ್ಯಾಂಕ್ರಸ್ ಟೌನ್‌ಹಾಲಿನಲ್ಲಿ ಕಾರ್ನಿವಲ್ ಮಾಡಿದಳು. ಹೊರಗೆ ಲಂಡನ್ನಿನ ಜನವರಿ ಚಳಿ. ಒಳಗೆ ಸ್ಟೀಲ್‌ಬ್ಯಾಂಡು, ಕ್ಯಾಲಿಪ್ಸೊ, ನೃತ್ಯ, ಕರಿಯ ಹುಡುಗಿಯರಿಗಾಗಿ ಸೌಂದರ್ಯ ಸ್ಪರ್ಧೆ. ಬಿಬಿಸಿ ಅದನ್ನ ಟೀವಿಯಲ್ಲಿ ತೋರಿಸಿತು. ಪತ್ರಿಕೆಗಳಲ್ಲಿ ಗಲಭೆಯ ಚಿತ್ರವಾಗಿ ಮಾತ್ರ ಬಂದಿದ್ದ ಜನ ಆವತ್ತು ಸಿಂಗರಿಸಿಕೊಂಡು ಟೀವಿಯಲ್ಲಿ ಬಂದರು.

– ಅಷ್ಟು ಪೆಟ್ಟು ತಿಂದ ಮೇಲೆ ಮೆರವಣಿಗೆ, ಧರಣಿ ಅಂತ ಹೋಗಬಹುದಿತ್ತು. ಸೌಂದರ್ಯ ಸ್ಪರ್ಧೆ ಯಾಕೆ?

– ಧರಣಿ, ಮೆರವಣಿಗೆ ಎಲ್ಲವನ್ನೂ ಮಾಡಿದವಳೇ ಅವಳು. ಜೈಲು ಕಂಡವಳಿಗೆ ಹೋರಾಟ ಗೊತ್ತಿರಲಿಲ್ಲವಾ? ಆದರೆ ‘ನೀನು ಕೀಳು, ನೀನು ಕೊಳಕು’ ಅಂತ ದಿನಾ ಕೇಳಿಸಿಕೊಳ್ಳೋ ಹುಡುಗಿಗೆ ಬೇಡಿಕೆಪಟ್ಟಿ ಒಂದೇ ಸಾಲದು. ತನ್ನವರೆಲ್ಲ ಸೇರಿ ಅವಳನ್ನ ವೇದಿಕೆ ಮೇಲೆ ನಿಲ್ಲಿಸಿ ಚಪ್ಪಾಳೆ ತಟ್ಟಬೇಕು. ಇನ್ನೊಂದು ವಿಷಯ ಹೇಳ್ತೀನಿ, ನನಗೆ ಇಡೀ ಕಥೆಯಲ್ಲಿ ಇದೇ ದೊಡ್ಡದು. ಆ ಕಾರ್ನಿವಲ್ಲಿನ ಸ್ಮರಣಸಂಚಿಕೆಯಲ್ಲೇ ಅಚ್ಚು ಹಾಕಿಸಿದ್ದಳು: ಈ ಸಂಚಿಕೆ ಮಾರಿ ಬಂದ ಹಣದಲ್ಲಿ ಒಂದು ಭಾಗ ನಾಟಿಂಗ್ ಹಿಲ್ ಗಲಭೆಯಲ್ಲಿ ಸಿಕ್ಕಿಬಿದ್ದ ಹುಡುಗರ ದಂಡ ಕಟ್ಟೋಕೆ ಹೋಗುತ್ತೆ ಅಂತ. ಕರಿಯ ಹುಡುಗರಿಗೂ, ಬಿಳಿಯ ಹುಡುಗರಿಗೂ.

– ಬಿಳಿಯರಿಗೂನಾ? ಹೊಡೆದವರಿಗಾ?

– ಹೌದು. ನಾನು ಮೊದಲು ಓದಿದಾಗ ನನಗೂ ಕೋಪವೇ ಬಂತು. ಯೋಚನೆ ಮಾಡಿದ ಮೇಲೆ ಗೊತ್ತಾಯ್ತು, ಅವಳು ಜಗಳವನ್ನ ಆ ಹುಡುಗರ ಮಟ್ಟದಲ್ಲಿ ನೋಡಲೇ ಇಲ್ಲ. ಆ ಬಿಳಿ ಹುಡುಗರೂ ಇದೇ ಥಂಡಿ ಕೋಣೆಗಳಲ್ಲಿ ಬೆಳೆದ ಕೂಲಿಕಾರರ ಮಕ್ಕಳು. ಅವರನ್ನ ಕರಿಯರ ಮೇಲೆ ಛೂ ಬಿಟ್ಟವರು ಬೇರೆ ಇದ್ದರು. ಅದು ಅವಳಿಗೆ ಕಾಣ್ತಿತ್ತು.

– ಅಷ್ಟಾದ ಮೇಲೆ ತಣ್ಣಗಾಯ್ತಾ?

– ಇಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಇಲ್ಲೇ ಸೌಥಮ್ ಸ್ಟ್ರೀಟಿನಲ್ಲಿ ಕೆಲ್ಸೊ ಕಾಕ್ರೇನ್ ಅನ್ನೋ ಬಡಗಿಯನ್ನ ಬಿಳಿಯರ ಗುಂಪೊಂದು ಇರಿದು ಕೊಂದಿತು. ಆಂಟಿಗಾ ದ್ವೀಪದವನು, ಮೂವತ್ತೆರಡು ವರ್ಷ. ಇವತ್ತಿನವರೆಗೂ ಆ ಕೊಲೆಗೆ ಒಬ್ಬರಿಗೂ ಶಿಕ್ಷೆ ಆಗಿಲ್ಲ. ಅವನ ಶವಯಾತ್ರೆಗೆ ಸಾವಿರಕ್ಕೂ ಹೆಚ್ಚು ಜನ ಸೇರಿದರು, ಅದರಲ್ಲಿ ಬಿಳಿಯರೂ ಇದ್ದರು. ಕ್ಲಾಡಿಯಾ 1964ರ ಡಿಸೆಂಬರಿನಲ್ಲಿ ತೀರಿಕೊಂಡಳು, ಇನ್ನೂ ನಲವತ್ತೊಂಬತ್ತು. ಹೈಗೇಟ್ ಸ್ಮಶಾನದಲ್ಲಿ ಕಾರ್ಲ್ ಮಾರ್ಕ್ಸ್ ಪಕ್ಕದಲ್ಲೇ ಅವಳ ಸಮಾಧಿ ಇದೆ. ಈ ಬೀದಿಯ ಕಾರ್ನಿವಲ್ಲನ್ನ ಅವಳು ನೋಡಲೇ ಇಲ್ಲ.

– ಹಾಗಾದರೆ ಬೀದಿಗೆ ತಂದವರು ಯಾರು?

– ಮತ್ತೊಬ್ಬಳು ಹೆಂಗಸು, ರೋನ್ ಲ್ಯಾಸ್ಲೆಟ್. ಲಂಡನ್ನಿನಲ್ಲೇ ಹುಟ್ಟಿದವಳು, ತಾಯಿತಂದೆ ಕಡೆಯಿಂದ ಅಮೆರಿಕದ ಮೂಲನಿವಾಸಿಗಳ ರಕ್ತ, ರಷ್ಯದ ರಕ್ತ ಎರಡೂ ಇದ್ದವಳು. ಇಲ್ಲಿನ ಬಡವರ ಮಕ್ಕಳಿಗೆ ಆಟದ ಜಾಗ, ಬಾಡಿಗೆ ತಕರಾರಿಗೆ ಸಲಹೆ ಅಂತ ಓಡಾಡ್ತಿದ್ದವಳು. ಈ ಪೇಟೆಯಲ್ಲಿರೋ ಐರಿಷರು, ಉಕ್ರೇನಿನವರು, ಸ್ಪೇನಿನವರು, ಪೋರ್ಚುಗೀಸರು, ಆಫ್ರಿಕದವರು, ಕೆರಿಬಿಯನ್ನರು ಎಲ್ಲ ಒಂದು ದಿನ ಬೀದಿಗೆ ಬರಲಿ ಅಂತ 1966ರಲ್ಲಿ ಜಾತ್ರೆ ನಡೆಸಿದಳು. ನುಡಿಸೋಕೆ ಟ್ರಿನಿಡಾಡಿನ ರಸಲ್ ಹೆಂಡರ್ಸನ್ ತಂಡವನ್ನ ಕರೆದಳು. ಒಂದೇ ಕಡೆ ನಿಂತು ನುಡಿಸಿದರೆ ಜನಕ್ಕೆ ಹುರುಪು ಬರ್ತಿಲ್ಲ ಅನ್ನಿಸಿ ಹೆಂಡರ್ಸನ್ ಪ್ಯಾನನ್ನ ಕೊರಳಿಗೆ ನೇತುಹಾಕಿಕೊಂಡು ನಡೆಯೋಕೆ ಶುರು ಮಾಡಿದ. ಮಕ್ಕಳು ಹಿಂದೆ ಬಂದರು, ಅವರ ಹಿಂದೆ ತಾಯಂದಿರು. ಎತ್ತ ಹೋಗಬೇಕು ಅಂತ ಯಾರೂ ಗೊತ್ತುಮಾಡಿರಲಿಲ್ಲ. ಎಂಟು ವರ್ಷದ ಹಿಂದೆ ಅಟ್ಟಾಡಿಸಿ ಹೊಡೆದಿದ್ದ ಇದೇ ರಸ್ತೆಗಳಲ್ಲಿ ನುಡಿಸಿಕೊಂಡು ನಡೆದರು.

– ಆ ಪ್ಯಾನ್ ಅಂದಿರಲ್ಲ, ಆಗಲೇ ಲಾರಿ ಹತ್ತಿರ ಒಬ್ಬರು ಅಜ್ಜ ಮುಟ್ಟಿ ನೋಡು ಅಂತ ಬಿಟ್ಟರು ಅತ್ತೆ. ನಾನು ಏನೋ ತಟ್ಟೆ ಅಂದುಕೊಂಡಿದ್ದೆ. ಎಣ್ಣೆ ಪೀಪಾಯಿಯ ತಳವನ್ನೇ ಬಡಿದು ಬಡಿದು ಬಾಣಲೆ ಹಾಗೆ ತಗ್ಗು ಮಾಡಿದ್ದಾರೆ. ಆ ತಗ್ಗಿನ ತುಂಬ ಒಂದೊಂದು ಸ್ವರಕ್ಕೆ ಒಂದೊಂದು ಉಬ್ಬು. ಅಂಚಿನ ಹತ್ತಿರ ದೊಡ್ಡವು, ನಡುವಿಗೆ ಬರ್ತಾ ಬರ್ತಾ ಚಿಕ್ಕವು. ನಡುವಿನ ಚಿಕ್ಕ ಉಬ್ಬಿಗೆ ರಬ್ಬರ್ ಸುತ್ತಿದ ಕಡ್ಡಿ ತಾಗಿಸಿದರೆ ಎಷ್ಟು ಸಣ್ಣ, ಶುದ್ಧವಾದ ಸ್ವರ! ನನ್ನ ಏಟಿಗೆ ಡಬ್ಬದ ಸದ್ದು ಬಂತು. ಅವರು ನನ್ನ ಮಣಿಕಟ್ಟು ಹಿಡಿದು ‘ಬಡೀಬೇಡ, ಮುಟ್ಟಿ ಬಿಟ್ಟುಬಿಡು’ ಅಂದರು. ಆಮೇಲೆ ನುಡೀತು. ಅದರ ಪಕ್ಕದಲ್ಲಿ ಮಂದ್ರಕ್ಕೆ ಇಡೀ ಪೀಪಾಯಿಗಳನ್ನೇ ಸುತ್ತ ನಿಲ್ಲಿಸಿಕೊಂಡು ಒಬ್ಬಳು ಹುಡುಗಿ ನುಡಿಸ್ತಿದ್ದಳು.

– ಆ ಪೀಪಾಯಿಗೂ ಕಥೆ ಇದೆ. ಟ್ರಿನಿಡಾಡಿನಲ್ಲಿ ಬಿಡುಗಡೆಯಾದ ಗುಲಾಮರು ಪಂಜು ಹಿಡಿದು, ಡೋಲು ಬಡಿದು ಕಾರ್ನಿವಲ್ ಮಾಡ್ತಿದ್ದರು. 1880ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ಅದನ್ನ ಹತ್ತಿಕ್ಕಿ, ಡೋಲು ನಿಷೇಧಿಸಿತು. ಜನ ಬಿದಿರಿನ ತುಂಡು ನೆಲಕ್ಕೆ ಕುಟ್ಟಿ ತಾಳ ಹಾಕಿದರು. 1930ರ ದಶಕದ ಕೊನೆಗೆ ಬಿಸ್ಕತ್ತಿನ ಡಬ್ಬ, ಕಸದ ಡಬ್ಬಿಯ ಮುಚ್ಚಳ, ಕೈಗೆ ಸಿಕ್ಕಿದ ತಗಡೆಲ್ಲ ವಾದ್ಯವಾಯ್ತು. ಯುದ್ಧ ಮುಗಿಯೋ ಹೊತ್ತಿಗೆ ಎಣ್ಣೆ ಪೀಪಾಯಿ. ಪೋರ್ಟ್ ಆಫ್ ಸ್ಪೇನ್‌ನ ಬಡ ಕೇರಿಗಳ ಹುಡುಗರು ಮಾಡಿದ ಶೋಧ ಅದು. 1951ರಲ್ಲಿ ‘ಫೆಸ್ಟಿವಲ್ ಆಫ್ ಬ್ರಿಟನ್’ಗೆ ಅವರದೊಂದು ತಂಡ ಇಲ್ಲಿಗೆ ಬಂತು. ಅದರಲ್ಲಿದ್ದ ಸ್ಟರ್ಲಿಂಗ್ ಬೆಟನ್‌ಕೋರ್ಟ್ ವಾಪಸ್ ಹೋಗದೆ ಉಳಿದ. 1966ರಲ್ಲಿ ಹೆಂಡರ್ಸನ್ ಜೊತೆ ಈ ಬೀದಿಯಲ್ಲಿ ನಡೆದವರಲ್ಲಿ ಅವನೂ ಒಬ್ಬ. ಅವರ ಡೋಲು ಕಿತ್ತುಕೊಂಡ ರಾಜ್ಯದ ರಾಜಧಾನಿಯಲ್ಲೇ…

– ಅತ್ತೆ, ಯಾಕೆ ಎಲ್ಲ ನಿಂತುಹೋಯ್ತು? ಲಾರಿಯ ಹಾಡು, ಸೌಂಡ್ ಸಿಸ್ಟಮ್ಮು, ಎಲ್ಲ?

– ಮೂರು ಗಂಟೆ. ಸುಮ್ಮನೆ ನಿಲ್ಲು.

– …

– ಆಯ್ತು. ಈಗ ಮಾತಾಡು.

– ಇಷ್ಟು ಜನ, ಒಬ್ಬರೂ ಉಸಿರೆತ್ತಲಿಲ್ಲ. ಯಾರಿಗೆ?

– ಗ್ರೆನ್‌ಫೆಲ್ ಟವರ್‌ನವರಿಗೆ. ಆ ಕಡೆ ನಡೆದರೆ ಹತ್ತಿರವೇ. ಇಪ್ಪತ್ತನಾಲ್ಕು ಮಹಡಿಯ ಸರ್ಕಾರಿ ವಸತಿ ಕಟ್ಟಡ. 2017ರ ಜೂನ್ 14ರ ರಾತ್ರಿ ನಾಲ್ಕನೇ ಮಹಡಿಯ ಒಂದು ಫ್ರಿಜ್‌ನಿಂದ ಹೊತ್ತಿದ ಬೆಂಕಿ ಹೊರಗೋಡೆಗೆ ಹೊದಿಸಿದ್ದ ಹಲಗೆ ಹಿಡಿದು ಇಡೀ ಕಟ್ಟಡ ಏರಿತು. ಎಪ್ಪತ್ತೆರಡು ಜನ ಸತ್ತರು. ಮೊರಾಕ್ಕೋ, ಸಿರಿಯ, ಎರಿಟ್ರಿಯ, ಇಥಿಯೋಪಿಯ, ಬಾಂಗ್ಲಾದೇಶ, ಇಟಲಿ ಮೂಲದವರು, ಇಂಗ್ಲಿಷರು, ಎಲ್ಲರೂ ಇದ್ದರು. ಬಹುಸಂಸ್ಕೃತಿ ಅಂತೀಯಲ್ಲ, ಆ ಕಟ್ಟಡದಲ್ಲೂ ಅದೇ ಇತ್ತು. ಸುಟ್ಟುಹೋಗುವಂಥ ಅಗ್ಗದ ಹೊದಿಕೆ ಬಿದ್ದದ್ದು ಅಂಥವರ ಗೋಡೆಗೇ. ಹಬ್ಬದ ಎರಡೂ ದಿನ ಮೂರು ಗಂಟೆಗೆ ಎಪ್ಪತ್ತೆರಡು ಸೆಕೆಂಡು ಎಲ್ಲ ವಾದ್ಯ ನಿಲ್ಲುತ್ತೆ.

– ನಾನು ರಾತ್ರಿ ಟ್ರಿಪ್ ಪ್ಲಾನ್ ಮಾಡುವಾಗ ಓದಿದ್ದರಲ್ಲಿ ಯಾವ ಡ್ರೆಸ್ ಹಾಕಬೇಕು, ಎಲ್ಲಿ ಒಳ್ಳೆ ಚಿಕನ್ ಸಿಗುತ್ತೆ ಅಂತ ಇತ್ತು. ಇದೊಂದೂ ಇರಲಿಲ್ಲ.

– ಹೊರಗಿನಿಂದ ಬರೋರಿಗೆ ಯಾರೂ ಹೇಳೋದಿಲ್ಲ, ಅವರೂ ಕೇಳೋದಿಲ್ಲ. ಚಿಕನ್ ತಿನ್ನಲಿ, ಕುಣೀಲಿ, ನನಗೆ ಬೇಜಾರಿಲ್ಲ. ಆದರೆ ಒಂದು ಜನಾಂಗ ಪೆಟ್ಟು ತಿಂದು ಗಳಿಸಿದ ಬೀದಿಯಲ್ಲಿ ನಿಂತಿದ್ದೀನಿ ಅನ್ನೋದು ಗೊತ್ತಿರಬೇಕು. ಅತಿಥಿಯಾದವರಿಗೆ ಅಷ್ಟು ಋಣ ಇದೆ.

– ನೀವು ಬಂದಾಗ ಹೇಗಿತ್ತು? ನಿಮಗೂ ಕೋಣೆ ಸಿಗಲಿಲ್ಲ ಅಂತ ಅಜ್ಜಿ ಹೇಳ್ತಿದ್ದರು.

– ನಾನು ಬಂದದ್ದು 1974ರಲ್ಲಿ. ಆ ಹೊತ್ತಿಗೆ ಬಣ್ಣ ನೋಡಿ ಮನೆ ಇಲ್ಲ ಅನ್ನೋದು ಕಾನೂನಿಗೆ ವಿರುದ್ಧವಾಗಿತ್ತು, 1968ರ ಕಾಯ್ದೆ. ‘ಕರಿಯರಿಗೆ ಕೋಣೆ ಇಲ್ಲ’ ಅನ್ನೋ ಬೋರ್ಡು ಇಳಿದಿತ್ತು, ಮನಸ್ಸು ಬದಲಾಗಿರಲಿಲ್ಲ. ಫೋನಿನಲ್ಲಿ ಕೋಣೆ ಇದೆ ಅಂದವರು ಬಾಗಿಲಲ್ಲಿ ನನ್ನನ್ನ ನೋಡಿದ ಮೇಲೆ ಈಗಷ್ಟೇ ಹೋಯ್ತು ಅನ್ನೋರು. ವಾರ್ಡಿನಲ್ಲಿ ನನ್ನ ಮೇಲಿದ್ದ ಸಿಸ್ಟರ್ ಟ್ರಿನಿಡಾಡಿನವರು. ‘ನನ್ನ ಜೊತೆ ಬಾ’ ಅಂತ ಕರೆದುಕೊಂಡು ಬಂದು ಇಲ್ಲೇ ಹಿಂದಿನ ಬೀದಿಯಲ್ಲಿ ಕೋಣೆ ಕೊಡಿಸಿದರು. ಮೊದಲ ಕಾರ್ನಿವಲ್ಲಿಗೂ ಅವರೇ ಕರೆತಂದದ್ದು. ಅಕ್ಕ ಇದ್ದ ಹಾಗೆ ಇದ್ದರು. ಈಗಿಲ್ಲ.

– 1976ರಲ್ಲಿ ದೊಡ್ಡ ಗಲಾಟೆ ಆಯ್ತಂತಲ್ಲ?

– ಆವತ್ತು ನನಗೆ ಡ್ಯೂಟಿ. ಆ ವರ್ಷ ಇಂಗ್ಲೆಂಡಿನಲ್ಲಿ ಬರಗಾಲ, ಬೇಸಿಗೆ ಅಂದರೆ ಬೇಸಿಗೆ. ಅದರ ಹಿಂದಿನ ಮೂರು ವರ್ಷದಲ್ಲಿ ಲೆಸ್ಲಿ ಪಾಮರ್ ಅನ್ನೋ ಯುವಕ ಹಬ್ಬವನ್ನ ದೊಡ್ಡದು ಮಾಡಿದ್ದ. ಟ್ರಿನಿಡಾಡಿನ ಪ್ಯಾನು, ವೇಷದ ಜೊತೆಗೆ ಜಮೈಕಾದವರ ಸೌಂಡ್ ಸಿಸ್ಟಮ್ಮುಗಳನ್ನೂ ಕರೆದ, ಇಲ್ಲೇ ಹುಟ್ಟಿ ಬೆಳೆದ ಹುಡುಗರು ಬಂದು ತುಂಬಿಕೊಂಡರು. 1976ರಲ್ಲಿ ಪೊಲೀಸರನ್ನ 3,000 ಜನ ತಂದು ನಿಲ್ಲಿಸಿದರು. ಬರೀ ಅನುಮಾನದ ಮೇಲೆ ಕರಿಯ ಹುಡುಗರನ್ನ ಹಿಡಿದು ತಪಾಸಣೆ ಮಾಡೋದು ಆಗ ದಿನನಿತ್ಯದ್ದು, ಅದರ ಕುದಿ ಮೊದಲೇ ಇತ್ತು. ಒಂದು ಬಂಧನಕ್ಕೆ ಹೊತ್ತಿಕೊಂಡಿತು. ಕಲ್ಲು, ಬಾಟಲಿ. ಪೊಲೀಸರ ಹತ್ತಿರ ಗುರಾಣಿ ಇಲ್ಲ, ಕಸದ ಡಬ್ಬಿಯ ಮುಚ್ಚಳ ಹಿಡಿದು ನಿಂತರು. ನೂರಕ್ಕೂ ಹೆಚ್ಚು ಪೊಲೀಸರು ಆಸ್ಪತ್ರೆ ಸೇರಿದರು. ನಮ್ಮ ವಾರ್ಡಿನಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡ ಒಬ್ಬ ಕಾನ್‌ಸ್ಟೇಬಲ್ಲು, ಪಕ್ಕದ ಮಂಚದಲ್ಲಿ ಕೈ ಮುರಿದ ಒಬ್ಬ ಹುಡುಗ. ಇಬ್ಬರಿಗೂ ಇಪ್ಪತ್ತು ದಾಟಿರಲಿಲ್ಲ. ಇಬ್ಬರೂ ರಾತ್ರಿಯೆಲ್ಲ ಅವರವರ ಅಮ್ಮನನ್ನ ಕೇಳ್ತಿದ್ದರು.

– ಮಾರನೇ ವರ್ಷ ನಿಲ್ಲಿಸಿಬಿಡಲಿಲ್ಲವಾ?

– ನಿಲ್ಲಿಸಬೇಕು ಅಂತ ಕೂಗು ಎದ್ದಿತು. ನಡೆಸೋರು ಬಿಟ್ಟುಕೊಡಲಿಲ್ಲ. ಆ ಹೊತ್ತಿಗೆ ಅವರು ಕೋರ್ಟೂ ಕಂಡಿದ್ದರು. ಆಲ್ ಸೇಂಟ್ಸ್ ರಸ್ತೆಯಲ್ಲಿ ಫ್ರಾಂಕ್ ಕ್ರಿಚ್‌ಲೊ 1968ರಲ್ಲಿ ಮ್ಯಾಂಗ್ರೋವ್ ಅನ್ನೋ ಹೋಟೆಲ್ ಇಟ್ಟಿದ್ದ. ಪೊಲೀಸರು ಮೇಲಿಂದ ಮೇಲೆ ದಾಳಿ ಮಾಡಿದರು. ಪ್ರತಿಭಟಿಸಿದ ಒಂಬತ್ತು ಜನರ ಮೇಲೆ ದೊಂಬಿಯ ಮೊಕದ್ದಮೆ ಹೂಡಿದರು. 1971ರಲ್ಲಿ ಐವತ್ತೈದು ದಿನ ವಿಚಾರಣೆ ನಡೆದು ಒಂಬತ್ತೂ ಜನರ ಮೇಲಿನ ದೊಂಬಿ ಆರೋಪ ಬಿದ್ದುಹೋಯ್ತು. ಎರಡೂ ಕಡೆ, ಅಂದರೆ ಲಂಡನ್ ಪೊಲೀಸರಲ್ಲೂ, ಜನಾಂಗದ್ವೇಷ ಇದೆ ಅನ್ನೋದನ್ನ ನ್ಯಾಯಾಧೀಶರೇ ಬಾಯಿಬಿಟ್ಟು ಹೇಳಿದರು. ಆ ಹೋಟೆಲಿನ ಹೆಸರಿನ ಸ್ಟೀಲ್‌ಬ್ಯಾಂಡ್ ಈಗಲೂ ಇದೆ.

– ನೀವು ಇತಿಹಾಸ ಹೇಳಿದಿರಿ, ನನಗೆ ಗೌರವ ಇದೆ. ಆದರೆ ಇವತ್ತಿನ ಮಾತು ಕೇಳ್ತೀನಿ. ಎರಡು ದಿನಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ, ಇಷ್ಟು ಇಕ್ಕಟ್ಟಾದ ರಸ್ತೆ. ಆಗಲೇ ಆ ಮೂಲೆಯಲ್ಲಿ ನಾವು ನಡೀಲೇ ಇಲ್ಲ, ಜನವೇ ನಮ್ಮನ್ನ ಎತ್ತಿಕೊಂಡು ಹೋದರು. ನನಗೆ ನಿಜವಾಗಿ ಉಸಿರು ಕಟ್ಟಿತು. ಇದನ್ನ ಹೈಡ್ ಪಾರ್ಕಿಗೆ ಹಾಕಿ, ಟಿಕೆಟ್ ಇಟ್ಟು, ಗೇಟಿನಲ್ಲಿ ತಪಾಸಣೆ ಮಾಡಿದರೆ ಏನು ನಷ್ಟ?

– ಈ ಮಾತು ದಶಕಗಳಿಂದ ಇದೆ. ನಿನಗೊಂದು ಕೇಳ್ತೀನಿ. ಬೆಂಗಳೂರು ಕರಗಕ್ಕೂ ಜನ ಜಾಸ್ತಿ, ಪೇಟೆ ಬೀದಿ ಇಕ್ಕಟ್ಟು. ಕರಗವನ್ನ ಅರಮನೆ ಮೈದಾನಕ್ಕೆ ಹಾಕಿ, ಟಿಕೆಟ್ ಇಟ್ಟರೆ ಒಪ್ಪುತ್ತೀಯಾ?

– ಅದು ಹೇಗೆ ಆಗುತ್ತೆ! ಕರಗ ಧರ್ಮರಾಯನ ಗುಡಿಯಿಂದ ಹೊರಟು ಆ ಬೀದಿಗಳಲ್ಲೇ ಹೋಗಬೇಕು. ಕಾಟನ್‌ಪೇಟೆಯ ಮಸ್ತಾನ್ ಸಾಬರ ದರ್ಗಾಕ್ಕೆ ಹೋಗದೆ ಇದ್ದರೆ ಅದು ಕರಗವೇ ಅಲ್ಲ.

– ಯಾಕೆ? ದರ್ಗಾದ ಮುಂದೆ ನಿಲ್ಲೋದರಲ್ಲಿ ಕರಗ ನಡೆಸೋ ತಿಗಳರಿಗೂ ಆ ಬೀದಿಗೂ ಸಾಬರಿಗೂ ಒಂದು ಸಂಬಂಧ ಇದೆ. ಮೈದಾನಕ್ಕೆ ಹಾಕಿದರೆ ಹೂವು ಉಳಿಯುತ್ತೆ, ಕತ್ತಿ ಉಳಿಯುತ್ತೆ, ಸಂಬಂಧ ಹೋಗುತ್ತೆ. ಇಲ್ಲೂ ಅಷ್ಟೇ. ಕ್ಲಾಡಿಯಾ ಟೌನ್‌ಹಾಲಿನ ಒಳಗೆ ಮಾಡಿದ್ದನ್ನ ಜನ ಬೀದಿಗೆ ತಂದದ್ದು ಬೀದಿಯಲ್ಲಿ ನಡೆಯೋ ಹಕ್ಕಿಗಾಗಿ. ಗೇಟು ಹಾಕಿ ಟಿಕೆಟ್ ಇಟ್ಟ ದಿನ ಅದು ಒಳ್ಳೆ ಸಂಗೀತ ಕಾರ್ಯಕ್ರಮ ಆಗಬಹುದು, ಕಾರ್ನಿವಲ್ ಆಗೋದಿಲ್ಲ. ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ಮುಂದೆ ಮೊನ್ನೆ ಫೋಟೊ ತೆಗೆಸಿಕೊಂಡೆಯಲ್ಲ? 2015ರಲ್ಲಿ ಅದು ಅಲ್ಲಿ ನಿಂತಾಗ ನನ್ನ ಕಣ್ಣಲ್ಲಿ ನೀರು ಬಂತು. ನಮ್ಮ ಹೆಸರು ಈ ಊರಿನ ನೆಲದ ಮೇಲೆ ಬಿತ್ತು ಅಂತ. ಪರದೇಶದಲ್ಲಿ ನೆಲ ಸಿಗೋದು ಅಂದರೆ ಏನು ಅನ್ನೋದು ನಮಗೂ ಗೊತ್ತು. ಅವರ ಬೀದಿ ಬಿಡಿ ಅಂತ ನಾವು ಹೇಗೆ ಹೇಳೋದು?

– ಆದರೆ ಅಪ್ಪ ಹೇಳಿದ್ದಕ್ಕೆ ಉತ್ತರ ಬೇಕು. ಸತ್ತವರ ಮನೆಯವರಿಗೆ ಕ್ಲಾಡಿಯಾ ಜೋನ್ಸ್ ಕಥೆ ಹೇಳಿದರೆ ಸಮಾಧಾನ ಆಗುತ್ತಾ?

– ಆಗೋದಿಲ್ಲ. 2024ರಲ್ಲಿ ಇಬ್ಬರು ಜೀವ ಕಳೆದುಕೊಂಡರು. ಒಬ್ಬಳು ತಾಯಿ, ಇಂಥದೇ ಭಾನುವಾರ, ಮಕ್ಕಳ ದಿನ ಅಂತ ಕರೆಯೋ ದಿನ, ತನ್ನ ಮೂರು ವರ್ಷದ ಮಗಳ ಎದುರು ಇರಿತಕ್ಕೆ ಸಿಕ್ಕಳು. ಅದನ್ನ ಬಚ್ಚಿಟ್ಟು ಹಬ್ಬ ಹೊಗಳೋದು ಸತ್ತವರಿಗೆ ಮಾಡೋ ಅಪಚಾರ. ದಿನಕ್ಕೆ ಸುಮಾರು 7,000 ಪೊಲೀಸರು ಈಗ ಇಲ್ಲಿದ್ದಾರೆ. ತಪಾಸಣೆ ಮಾಡಲಿ, ನಾನು ಬೇಡ ಅನ್ನೋದಿಲ್ಲ. ಜನಸಂದಣಿ ಬಗ್ಗೆ ನೀನು ಹೇಳಿದ್ದೂ ನಿಜ, ನಡೆಸೋರೂ ಅದನ್ನೇ ಹೇಳಿ ಸ್ವಯಂಸೇವಕರನ್ನ ಹೆಚ್ಚಿಸೋಕೆ, ಕ್ಯಾಮೆರಾ ಹಾಕೋಕೆ ಹಣ ಕೇಳಿದ್ದಾರೆ. ಸರ್ಕಾರ ಕೊಡಬೇಕು. ನನ್ನ ವಾದ ಇಷ್ಟೇ: ಚಾಕು ಲಂಡನ್ನಿನ ರೋಗ. ವರ್ಷದ ಬಾಕಿ ದಿನಗಳಲ್ಲೂ ಈ ಊರಿನ ಹುಡುಗರು ಅದರಿಂದ ಸಾಯ್ತಿದ್ದಾರೆ, ಆಗ ಯಾರೂ ಊರನ್ನ ಎತ್ತಿ ಬೇರೆ ಕಡೆ ಹಾಕಿ ಅನ್ನೋದಿಲ್ಲ. ಕರಿಯರ ಹಬ್ಬದಲ್ಲಿ ಆದಾಗ ಮಾತ್ರ ಹಬ್ಬವನ್ನೇ ಅಪರಾಧಿ ಮಾಡ್ತಾರೆ.

– ಇದನ್ನ ನಾನು ಒಪ್ತೀನಿ. ಇಷ್ಟು ಹೊತ್ತಿಂದ ನೋಡ್ತಿದ್ದೀನಿ, ಈ ವೇಷಗಳ ಕೆಲಸಕ್ಕೆ ಎಷ್ಟು ತಿಂಗಳು ಕೂತಿರಬೇಕು! ಆ ಹುಡುಗಿಯ ಬೆನ್ನಿಗೆ ಕಟ್ಟಿದ ರೆಕ್ಕೆ ಅವಳಿಗಿಂತ ಅಗಲ. ತಂತಿ ಬಗ್ಗಿಸಿ ಹಂದರ ಕಟ್ಟಿ, ಒಂದೊಂದೇ ಗರಿ ಅಂಟಿಸಿದ್ದಾರೆ. ಹಿಂದೆ ಅವಳ ಅಮ್ಮ ಇರಬೇಕು, ಕೈಯಲ್ಲಿ ಅಂಟಿನ ಗನ್ನು, ಸೂಜಿ ದಾರ ಹಿಡಿದು ಬಿಚ್ಚಿಹೋದದ್ದನ್ನ ಹಾಕ್ತಾ ಹಾಕ್ತಾ ಬರ್ತಿದ್ದಾರೆ. ಆ ಅಮ್ಮ ಇಡೀ ದಾರಿ ಒಂದು ಸಲವೂ ಕುಣೀಲಿಲ್ಲ.

– ಅಂಥ ಅಮ್ಮಂದಿರಿಂದಲೇ ನಡೀತಿರೋದು ಇದು. ಇಲ್ಲಿನ ವೇಷದ ಶಿಬಿರಗಳಲ್ಲಿ ಬಸ್ ಓಡಿಸೋರು, ಟೀಚರುಗಳು, ನನ್ನಂಥ ನರ್ಸುಗಳು ಸಂಜೆ ಕೆಲಸ ಮುಗಿಸಿ ಬಂದು ಕೂತು ಹೊಲೀತಾರೆ. ಸಂಬಳ ಇಲ್ಲ. ನನ್ನ ಸಿಸ್ಟರ್ ಪಕ್ಕ ಕೂತು ನಾನೂ ಮಣಿ ಪೋಣಿಸಿದ್ದೀನಿ.

– ಅತ್ತೆ, ಒಂದು ವಿಷಯ ಕೊರೀತಿದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮಣಿಪುರದ ನಾಲ್ಕು ಹುಡುಗಿಯರಿದ್ದಾರೆ. ಒಬ್ಬಳು ನಿಮ್ಮ ಹಾಗೆ ನರ್ಸು. ಕಳೆದ ವರ್ಷ ಅವರು ನಿಂಗೋಲ್ ಚಾಕೌಬಾಕ್ಕೆ ಕೆಳಗಿನ ಹಾಲ್ ಕೇಳಿದರು. ನಮ್ಮ ಗೌರಿ ಹಬ್ಬದ ಹಾಗೆ ಮದುವೆಯಾದ ಹೆಣ್ಣುಮಕ್ಕಳನ್ನ ತವರಿಗೆ ಕರೆದು ಊಟ ಹಾಕೋ ಹಬ್ಬ ಅಂತೆ. ಬೆಂಗಳೂರಿನಲ್ಲಿರೋ ಅವರ ಕಡೆಯವರೆಲ್ಲ ಸೇರಬೇಕು ಅಂತಿದ್ದರು. ಮೀನಿನ ವಾಸನೆ, ಹೊರಗಿನ ಜನ ಬರ್ತಾರೆ ಅಂತ ಸಂಘದವರು ಕೊಡಲಿಲ್ಲ. ಅದಾದ ಎರಡೇ ವಾರಕ್ಕೆ ಅದೇ ಹಾಲಿನಲ್ಲಿ ‘ಎಲ್ಲ ರಾಜ್ಯಗಳ ಆಹಾರ ಮೇಳ’ ನಡೆಸಿದೆವು. ಅವರ ಕೈಯಲ್ಲಿ ಒಂದು ಸ್ಟಾಲ್ ಹಾಕಿಸಿ ಫೋಟೊ ತೆಗೆದೆವು.

– 2012ರ ಆಗಸ್ಟ್ ನೆನಪಿದೆಯಾ ನಿನಗೆ? ನೀನಾಗ ಕಾಲೇಜು.

– ಇದೆ. ಬರೀ ವದಂತಿಗೆ ಹೆದರಿ ಈಶಾನ್ಯದವರು ಸಾವಿರಾರು ಜನ ಬೆಂಗಳೂರು ಸ್ಟೇಷನ್ನಿಗೆ ಬಂದು ಗುವಾಹಟಿ ರೈಲು ಹತ್ತಿದರು. ವಿಶೇಷ ರೈಲು ಬಿಡಬೇಕಾಯ್ತು.

– ಆ ಜನ ಮತ್ತೆ ನಮ್ಮ ಊರಿಗೆ ಬಂದಿದ್ದಾರೆ. ನಂಬಿ ಬಂದಿದ್ದಾರೆ. ಅವರಿಗೆ ನಮ್ಮ ಮೇಳದಲ್ಲಿ ಒಂದು ಮೇಜು ಕೊಟ್ಟರೆ ಸಾಕು ಅಂದುಕೊಂಡಿದ್ದೀವಿ. ಅವರ ಹಬ್ಬ ಅವರು ಹೇಳಿದ ದಿನ, ಅವರ ಅಡುಗೆಯ ವಾಸನೆಯ ಜೊತೆಗೇ, ನಮ್ಮ ಹಾಲಿನಲ್ಲಿ ಆಗಬೇಕು. ಆ ಹಬ್ಬ ಯಾವಾಗ ಬರುತ್ತೆ?

– ದೀಪಾವಳಿ ಆದ ತಕ್ಷಣ. ಅಕ್ಟೋಬರ್ ಇಲ್ಲ ನವೆಂಬರ್.

– ಇನ್ನೂ ಸಮಯ ಇದೆ. ಊರಿಗೆ ಹೋದ ವಾರವೇ ಆ ಹುಡುಗಿಯರ ಹತ್ತಿರ ಹೋಗಿ ದಿನ ಕೇಳಿಕೋ. ಹಾಲಿಗೆ ಅರ್ಜಿಯನ್ನ ನಿನ್ನ ಫ್ಲಾಟಿನ ಹೆಸರಲ್ಲಿ ಕೊಡು. ಸಂಘದ ಸಭೆಯಲ್ಲಿ ಅವರನ್ನ ನಿಲ್ಲಿಸಿ ಮಾತಾಡಿಸಬೇಡ, ನೀನು ಎದ್ದು ಮಾತಾಡು. ಕೊಡೋದಿಲ್ಲ ಅಂದರೆ ಬರೆದು ಕೊಡಿ ಅನ್ನು. ಅರ್ಜಿಗೆ ನಿಮ್ಮಪ್ಪನ ಸಹಿಯನ್ನೂ ಹಾಕಿಸು, ನಾನು ಹೇಳಿದೆ ಅಂತ ಹೇಳು.